ಪರೀಕ್ಷೆಗೆ ಸ್ಕ್ರೈಬ್, ಹೆಚ್ಚುವರಿ ಸಮಯ: ಕೇಳುವುದು ಹೇಗೆ, ಬಳಸುವುದು ಹೇಗೆ

ಕೊನೆಯ ವರ್ಷದ ಪರೀಕ್ಷೆಗೆ ಹನ್ನೊಂದು ದಿನ ಬಾಕಿ ಇತ್ತು. ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಬೀಳುವಾಗ ಬಲಗೈ ಊರಿದ್ದರಿಂದ ಮಣಿಕಟ್ಟಿನ ಮೂಳೆ ಮುರಿಯಿತು. ಮೊಣಕೈಯಿಂದ ಬೆರಳಿನ ಬುಡದವರೆಗೆ ಪ್ಲಾಸ್ಟರ್ ಹಾಕಿದರು. ಆರು ವಾರ ತೆಗೆಯುವ ಹಾಗಿಲ್ಲ ಅಂದರು. ಮನೆಗೆ ಬಂದವಳು ಮೊದಲು ಎಡಗೈಯಲ್ಲಿ ಪೆನ್ನು ಹಿಡಿದು ನನ್ನ ಹೆಸರು ಬರೆದು ನೋಡಿದೆ. ಮೂರು ಅಕ್ಷರಕ್ಕೆ ಅರ್ಧ ನಿಮಿಷ ಹಿಡಿಯಿತು.

ಆಗ ನನಗೆ ಸ್ಕ್ರೈಬ್ ಎನ್ನುವ ಪದವೇ ಗೊತ್ತಿರಲಿಲ್ಲ. ನಾವು ಹೇಳಿದ್ದನ್ನು ನಮ್ಮ ಉತ್ತರ ಪತ್ರಿಕೆಯಲ್ಲಿ ಬರೆದುಕೊಡುವವರು ಅವರು. ಕೆಲವು ಅರ್ಜಿಗಳಲ್ಲಿ ಲಿಪಿಕಾರ ಅಂತಲೂ ಇರುತ್ತದೆ. ಪರೀಕ್ಷಾ ವಿಭಾಗಕ್ಕೆ ಹೋದರೆ ಅಲ್ಲಿದ್ದವರು "ಮುಂದಿನ ಸಲ ಬರೆಯಮ್ಮ, ಅವಸರ ಏನಿದೆ" ಅಂದರು. ನಮ್ಮ ಮೇಡಂ ಒಬ್ಬರು ಜೊತೆಗೆ ಬಂದು ಅರ್ಜಿ ಕೊಡಿಸಿದರು. ಮೊದಲ ಪರೀಕ್ಷೆಗೆ ಎರಡು ದಿನ ಇರುವಾಗ ಅನುಮತಿ ಸಿಕ್ಕಿತು. ಎಲ್ಲ ಸರಿಹೋಯಿತು ಅಂದುಕೊಂಡೆ.

ಸರಿಹೋಗಲಿಲ್ಲ. ಆ ಮೊದಲ ಪರೀಕ್ಷೆಯಲ್ಲಿ ನನಗೆ ಉತ್ತರ ಗೊತ್ತಿತ್ತು, ಬರೆಯುವ ಹುಡುಗಿಯೂ ಪಕ್ಕದಲ್ಲೇ ಇದ್ದಳು. ಬಾಯಿಂದ ಮಾತ್ರ ವಾಕ್ಯ ಹೊರಡುತ್ತಿರಲಿಲ್ಲ. ಅಷ್ಟು ವರ್ಷ ಬರೆಯುತ್ತಾ ಬರೆಯುತ್ತಾ ಯೋಚಿಸಿದವಳು ನಾನು. ಹೇಳಿ ಬರೆಸುವುದು ಬೇರೆಯೇ ವಿದ್ಯೆ, ಅದನ್ನು ಯಾರೂ ನನಗೆ ಕಲಿಸಿರಲಿಲ್ಲ. ಎರಡು ಪ್ರಶ್ನೆ ಬಿಟ್ಟು ಬಂದೆ.

ಅದಾದ ಮೇಲೆ ಹದಿನಾಲ್ಕು ವರ್ಷದಿಂದ ಇದೇ ಕೆಲಸದ ಸುತ್ತ ಇದ್ದೇನೆ. ಮೊದಮೊದಲು ಸ್ಕ್ರೈಬ್ ಆಗಿ ಕೂರುತ್ತಿದ್ದೆ. ಈಗ ಹೆಚ್ಚಾಗಿ ವಿದ್ಯಾರ್ಥಿಯನ್ನೂ ಸ್ಕ್ರೈಬ್‌ನನ್ನೂ ಒಟ್ಟಿಗೆ ಕೂರಿಸಿ ಅಭ್ಯಾಸ ಮಾಡಿಸುತ್ತೇನೆ. ಇಷ್ಟು ವರ್ಷದಲ್ಲಿ ಖಾತ್ರಿಯಾದ ಮಾತು ಒಂದು: ಅನುಮತಿ ಪತ್ರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು ಅಷ್ಟೇ. ಉಳಿದ ಅರ್ಧ ಆ ಅನುಕೂಲವನ್ನು ಬಳಸುವ ಅಭ್ಯಾಸ. ಹಾಗಾಗಿ ಎರಡರ ಬಗ್ಗೆಯೂ ಹೇಳುತ್ತೇನೆ.

ಮೊದಲು, ಏನು ಬೇಕು ಅಂತ ನಿಮಗೇ ಗೊತ್ತಾಗಲಿ

ಹೆಚ್ಚಿನವರು ಅರ್ಜಿಯಲ್ಲಿ ಕಾಯಿಲೆಯ ಹೆಸರು ಬರೆದು ನಿಲ್ಲಿಸುತ್ತಾರೆ. "ನನಗೆ ಸಂಧಿವಾತ ಇದೆ, ಅನುಕೂಲ ಮಾಡಿಕೊಡಿ." ಓದುವ ಅಧಿಕಾರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಒಂದೇ ಕಾಯಿಲೆ ಇಬ್ಬರಲ್ಲಿ ಎರಡು ರೀತಿ ಇರುತ್ತದೆ. ಆದ್ದರಿಂದ ಆಗದ ಕೆಲಸ ಯಾವುದು ಅಂತ ಹೇಳಿ. ಪೆನ್ನು ಹಿಡಿಯಲು ಆಗುವುದಿಲ್ಲವೋ, ಹಿಡಿದರೂ ಸ್ವಲ್ಪ ಹೊತ್ತಿಗೆ ನೋವು ಬರುತ್ತದೋ, ಸಣ್ಣ ಅಕ್ಷರ ಕಾಣುವುದಿಲ್ಲವೋ, ಓದಿದ್ದು ತಲೆಗೆ ಹತ್ತಲು ಹೊತ್ತು ಬೇಕೋ, ಒಂದು ಗಂಟೆಗಿಂತ ಜಾಸ್ತಿ ಕೂರಲು ಆಗುವುದಿಲ್ಲವೋ.

ಇದನ್ನು ಕಂಡುಹಿಡಿಯಲು ಒಳ್ಳೆಯ ದಾರಿ ಎಂದರೆ ಮನೆಯಲ್ಲೇ ಒಂದು ಹಳೆಯ ಪ್ರಶ್ನೆ ಪತ್ರಿಕೆ ಬರೆಯುವುದು. ಗಡಿಯಾರ ಎದುರಿಗಿಡಿ. ಪರೀಕ್ಷೆ ಎಷ್ಟು ಹೊತ್ತೋ ಅಷ್ಟು ಹೊತ್ತು ಬರೆಯಲು ನೋಡಿ. ಯಾವಾಗ ನೋವು ಶುರುವಾಯಿತು, ಎಷ್ಟನೇ ಪುಟದಲ್ಲಿ ಅಕ್ಷರ ಕೆಟ್ಟಿತು, ಯಾವಾಗ ಕಣ್ಣು ಮಂಜಾಯಿತು ಅಂತ ಅಂಚಿನಲ್ಲೇ ಗುರುತು ಹಾಕಿ.

ಬೆರಳಿನ ಕೀಲುಗಳಲ್ಲಿ ಊತ ಇದ್ದ ಒಬ್ಬ ಹುಡುಗಿಗೆ ಹೀಗೆ ಬರೆಸಿದ್ದೆ. ಮೊದಲ 25 ನಿಮಿಷ ಮುತ್ತಿನಂಥ ಅಕ್ಷರ. ಆಮೇಲೆ ಅಕ್ಷರ ದೊಡ್ಡದಾಗುತ್ತಾ ಹೋಯಿತು, ಸಾಲು ಓರೆಯಾಯಿತು. 40 ನಿಮಿಷಕ್ಕೆ ಒತ್ತಕ್ಷರಗಳು ಮೇಲಿನ ಅಕ್ಷರದ ಜೊತೆ ಕಲೆಸಿಹೋಗಿದ್ದವು. ಆ ಪುಟಗಳನ್ನೇ ಅರ್ಜಿಗೆ ಲಗತ್ತಿಸಿದೆವು. ಅವಳು ಸ್ಕ್ರೈಬ್ ಕೇಳಬೇಕು ಅಂತಿದ್ದಳು. ಆ ಪುಟ ನೋಡಿದ ಮೇಲೆ ನಮಗೆ ಬೇರೆಯೇ ಹೊಳೆಯಿತು. ಅವಳಿಗೆ ಬೇಕಿದ್ದದ್ದು ಅರ್ಧ ಗಂಟೆಗೊಮ್ಮೆ ಕೈಗೆ ವಿಶ್ರಾಂತಿ, ಉದ್ದದ ಉತ್ತರಗಳಿಗೆ ಕಂಪ್ಯೂಟರ್. ಅದನ್ನೇ ಕೇಳಿದಳು, ಸಿಕ್ಕಿತು.

ಇಲ್ಲಿ ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಹೆಚ್ಚುವರಿ ಸಮಯ ಬೇರೆ, ವಿಶ್ರಾಂತಿ ವಿರಾಮ ಬೇರೆ. ಹೆಚ್ಚುವರಿ ಸಮಯ ಎಂದರೆ ಪರೀಕ್ಷೆ ಮುಗಿಯುವ ಹೊತ್ತು ಮುಂದಕ್ಕೆ ಹೋಗುತ್ತದೆ. ವಿರಾಮ ಎಂದರೆ ನಡುವೆ ಗಡಿಯಾರ ನಿಲ್ಲಿಸುತ್ತಾರೆ, ಪ್ರಶ್ನೆ ಪತ್ರಿಕೆ ಮುಚ್ಚಿಡುತ್ತಾರೆ, ನೀವು ಎದ್ದು ಓಡಾಡಬಹುದು. ನಿಧಾನವಾಗಿ ಓದುವವರಿಗೆ, ಬರೆಯುವವರಿಗೆ ಮೊದಲನೆಯದು ಸರಿ. ಬೆನ್ನು ನೋವು, ಆಯಾಸ, ಮೈಗ್ರೇನ್, ಆತಂಕ, ಪದೇಪದೇ ಶೌಚಾಲಯಕ್ಕೆ ಹೋಗಬೇಕಾದ ತೊಂದರೆ ಇದ್ದವರಿಗೆ ಎರಡನೆಯದು ಜಾಸ್ತಿ ಉಪಯೋಗ. ಕೂರಲು ಆಗದವರಿಗೆ ಇನ್ನೂ ಒಂದು ಗಂಟೆ ಕೂರಿ ಅಂದರೆ ಅದು ಅನುಕೂಲ ಹೇಗಾಗುತ್ತದೆ?

ಕಣ್ಣು ಮಂದ ಇದ್ದವರು ದೊಡ್ಡ ಅಕ್ಷರದ ಪ್ರಶ್ನೆ ಪತ್ರಿಕೆ ಕೇಳಬಹುದು. ಕೇಳುವಾಗ ಅಕ್ಷರದ ಅಳತೆ ಹೇಳಿ, 18 ಪಾಯಿಂಟ್ ಅಥವಾ 24 ಪಾಯಿಂಟ್ ಅಂತ. ಬರೀ "ದೊಡ್ಡದು" ಅಂದರೆ ಸಾಮಾನ್ಯ ಪತ್ರಿಕೆಯನ್ನೇ ದೊಡ್ಡ ಹಾಳೆಗೆ ಜೆರಾಕ್ಸ್ ಮಾಡಿ ಕೊಡುತ್ತಾರೆ. ಅಕ್ಷರ ಮಸುಕು, ಹಾಳೆ ಮೇಜಿನಿಂದ ಆಚೆ ಜೋತಾಡುತ್ತದೆ. ಪೂರ್ತಿ ಕಾಣದವರು ಬ್ರೈಲ್ ಪತ್ರಿಕೆ, ಓದಿ ಹೇಳುವವರು, ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಇರುವ ಕಂಪ್ಯೂಟರ್, ಸ್ಕ್ರೈಬ್ ಇವುಗಳಲ್ಲಿ ಯಾವುದು ರೂಢಿಯಲ್ಲಿದೆಯೋ ಅದನ್ನು ಕೇಳಲಿ. ಚಿತ್ರ, ನಕ್ಷೆ, ಗ್ರಾಫ್ ಇರುವ ಪ್ರಶ್ನೆಗೆ ಬದಲಿ ಪ್ರಶ್ನೆ ಇದೆಯೇ ಅಂತ ಆಗಲೇ ವಿಚಾರಿಸಿ. ಕೆಂಪು-ಹಸಿರು ಬಣ್ಣದ ಭೇದ ತಿಳಿಯದ ಹುಡುಗರು ತಮಗೆ ಯಾವ ಅನುಕೂಲವೂ ಇಲ್ಲ ಅಂದುಕೊಂಡಿರುತ್ತಾರೆ. ಪ್ರಯೋಗಾಲಯದಲ್ಲಿ ದ್ರಾವಣದ ಬಣ್ಣ ಹೇಳಲು ಒಬ್ಬ ಸಹಾಯಕ ಬೇಕು ಅಂತ ಅವರೂ ಕೇಳಬಹುದು.

ಕಿವಿ ಕೇಳದವರ ತೊಂದರೆ ಪ್ರಶ್ನೆ ಪತ್ರಿಕೆ ಕೈಗೆ ಬರುವ ಮೊದಲೇ ಶುರುವಾಗುತ್ತದೆ. ಮೇಲ್ವಿಚಾರಕರು ಬಾಯಲ್ಲಿ ಹೇಳುವ ಸೂಚನೆ, "ಏಳನೇ ಪ್ರಶ್ನೆಯಲ್ಲಿ ತಿದ್ದುಪಡಿ ಇದೆ" ಎನ್ನುವ ಮಾತು, ಕೊನೆಯ ಹತ್ತು ನಿಮಿಷದ ಗಂಟೆ, ಎಲ್ಲವೂ ತಪ್ಪಿಹೋಗುತ್ತವೆ. ಎಲ್ಲ ಸೂಚನೆಯನ್ನೂ ಬರೆದು ತೋರಿಸಬೇಕು ಅಂತ ಅರ್ಜಿಯಲ್ಲೇ ಕೇಳಿ. ಕೇಳಿಸಿಕೊಂಡು ಉತ್ತರಿಸುವ ಭಾಷಾ ಪರೀಕ್ಷೆ ಇದ್ದರೆ ಅದಕ್ಕೆ ವಿನಾಯಿತಿ ಅಥವಾ ಬದಲಿ ಇದೆಯೇ ಕೇಳಿ.

ಕಾಲಿಗೆ ಪೆಟ್ಟಾದವರಿಗೆ ನೆಲಮಹಡಿ, ಚಾಚಿ ಇಡಲು ಕುರ್ಚಿಯಷ್ಟೇ ಎತ್ತರದ ಸ್ಟೂಲು, ಊರುಗೋಲು ಇಡಲು ಜಾಗ ಬೇಕು. ಲಿಫ್ಟ್ ಇದೆ ಎಂದು ಮೇಲಿನ ಮಹಡಿಗೆ ಒಪ್ಪಿಕೊಳ್ಳಬೇಡಿ. ಕರೆಂಟ್ ಹೋದರೆ ಏನು ಮಾಡುತ್ತೀರಿ? ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆ ಅಳೆಯುವ ಯಂತ್ರ, ಗ್ಲೂಕೋಸ್, ನೀರು ಕೈಗೆ ಸಿಗುವಂತೆ ಇಟ್ಟುಕೊಳ್ಳಲು ಲಿಖಿತ ಅನುಮತಿ ಪಡೆಯಿರಿ. ಇಲ್ಲದಿದ್ದರೆ ಅದೂ ಚೀಲದ ಜೊತೆ ಹೊರಗೆ ಉಳಿಯುತ್ತದೆ.

ತಲೆಗೆ ಪೆಟ್ಟಾದವರ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ತಲೆ ಅಲುಗಿ ವಾಂತಿ, ತಲೆಸುತ್ತು, ಬೆಳಕು ಚುಚ್ಚುವುದು ಇವೆಲ್ಲ ಇದ್ದರೆ ಹೆಚ್ಚುವರಿ ಸಮಯ ಕೇಳಬೇಡಿ. ಓದಿದಷ್ಟೂ, ಯೋಚಿಸಿದಷ್ಟೂ ಆ ತೊಂದರೆ ಹೆಚ್ಚಬಹುದು. ವೈದ್ಯರ ಮಾತು ಕೇಳಿ ಪರೀಕ್ಷೆ ಮುಂದೂಡಲು ಅಥವಾ ಮುಂದಿನ ಅವಕಾಶಕ್ಕೆ ಅರ್ಜಿ ಹಾಕಿ. ಅದೂ ನ್ಯಾಯವಾಗಿ ಕೇಳಬಹುದಾದ ಅನುಕೂಲವೇ.

ನಿಯಮ ಏನು ಹೇಳುತ್ತದೆ

ಇದು ಯಾರೋ ಮನಸ್ಸು ಮಾಡಿ ಕೊಡುವ ಉಪಕಾರ ಅಲ್ಲ. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಪ್ಪಂದದ 24ನೇ ವಿಧಿ ಶಿಕ್ಷಣದ ಬಗ್ಗೆಯೇ ಇದೆ. ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅಂತ ಅದು ಹೇಳುತ್ತದೆ. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಹೆಚ್ಚುವರಿ ಸಮಯ, ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ ಇವುಗಳನ್ನು ಹೆಸರು ಹೇಳಿಯೇ ಸೇರಿಸಿದೆ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಅಂದಿತು. ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಸ್ಕ್ರೈಬ್ ಬೇಡ ಅಂದವರಿಗೂ ಅದರಲ್ಲಿ ಈ ಸಮಯ ಇತ್ತು.

ಆದರೆ ಆ ಮಾರ್ಗಸೂಚಿ ಇದ್ದದ್ದು ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದೆ ಅಂತ ಪ್ರಮಾಣಪತ್ರ ಇದ್ದವರಿಗೆ. ಬರೆಯುವಾಗ ಬೆರಳು ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಸ್ಕ್ರೈಬ್ ಸಿಗಲಿಲ್ಲ. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. 2021ರ ಫೆಬ್ರವರಿಯಲ್ಲಿ ತೀರ್ಪು ಬಂತು: ಶೇಕಡಾ 40 ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವ ಹಾಗಿಲ್ಲ. ಅದರ ಬೆನ್ನಿಗೆ 2022ರ ಆಗಸ್ಟ್‌ನಲ್ಲಿ, ಶೇಕಡಾ 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟ ಇರುವವರಿಗಾಗಿಯೇ ಬೇರೆ ಮಾರ್ಗಸೂಚಿ ಹೊರಬಂತು. ನಿಮ್ಮ ಪ್ರಮಾಣಪತ್ರದಲ್ಲಿ 30 ಅಂತ ಇದ್ದರೆ ಸುಮ್ನೆ ಮನೆಗೆ ವಾಪಸ್ ಬರಬೇಡಿ.

ಬೇರೆ ದೇಶಗಳಲ್ಲಿ ಲೆಕ್ಕ ಬೇರೆ. ಬ್ರಿಟನ್ನಿನ ಶಾಲಾ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಶೇಕಡಾ 25 ಹೆಚ್ಚು ಸಮಯ ಕೊಡುತ್ತಾರೆ. ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ಅಗತ್ಯ ನೋಡಿ ಶೇಕಡಾ 50 ಅಥವಾ 100. ಆದರೆ ಅಲ್ಲಿ ಅರ್ಜಿ ತೀರ್ಮಾನವಾಗಲು ಏಳು ವಾರದವರೆಗೆ ಹಿಡಿಯಬಹುದು. ಎಲ್ಲ ಕಡೆಯೂ ನಿಯಮ ಆಗಾಗ ಬದಲಾಗುತ್ತದೆ. ಸ್ಕ್ರೈಬ್‌ನ ಓದು ಎಷ್ಟಿರಬೇಕು, ನೀವೇ ಕರೆತರಬಹುದೋ ಅವರೇ ಕೊಡುತ್ತಾರೋ ಎನ್ನುವುದು ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ. ಹೋದ ವರ್ಷ ಬರೆದ ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ. ಈ ವರ್ಷದ ಸುತ್ತೋಲೆ ತೆರೆದು ನೀವೇ ಓದಿ.

ವೈದ್ಯರ ಪತ್ರ ಮತ್ತು ಅರ್ಜಿ

ಕೈ ಮುರಿದಾಗ ನನಗೆ ಕೊಟ್ಟ ಮೊದಲ ಪತ್ರದಲ್ಲಿ "ಆರು ವಾರ ವಿಶ್ರಾಂತಿ" ಅಂತ ಮಾತ್ರ ಇತ್ತು. ಪರೀಕ್ಷಾ ವಿಭಾಗದವರು ಅದನ್ನೇ ಹಿಡಿದು "ವಿಶ್ರಾಂತಿ ಅಂದಿದ್ದಾರಲ್ಲ, ಮತ್ತೆ ಪರೀಕ್ಷೆಗೆ ಯಾಕೆ ಬರುತ್ತೀರಿ" ಅಂದರು. ಮತ್ತೆ ಆಸ್ಪತ್ರೆಗೆ ಹೋಗಿ ಬೇರೆ ಪತ್ರ ಬರೆಸಿದೆ. ನಿಮಗೆ ಆ ಓಡಾಟ ಬೇಡ. ಯಾವ ಕೈ, ಅದು ಬರೆಯುವ ಕೈಯೇ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರೆಯಲು ಆಗುವುದಿಲ್ಲ, ಏನು ಸಹಾಯ ಬೇಕು ಎನ್ನುವುದು ಪತ್ರದಲ್ಲಿ ಇರಲಿ. ಪರೀಕ್ಷೆಯ ವೇಳಾಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಸಹಿ, ಮುದ್ರೆ, ನೋಂದಣಿ ಸಂಖ್ಯೆ ಇದೆಯೇ ಅಂತ ಅಲ್ಲೇ ನೋಡಿಕೊಳ್ಳಿ. ಕೆಲವು ಪರೀಕ್ಷೆಗಳಿಗೆ ಸರ್ಕಾರಿ ಆಸ್ಪತ್ರೆಯ ಪತ್ರವೇ ಬೇಕು, ಅದನ್ನು ಮೊದಲೇ ವಿಚಾರಿಸಿ. ನೋವಿನ ಮಾತ್ರೆ ತಗೊಂಡರೆ ನಿದ್ದೆ ಬರುತ್ತದೆಯೇ ಅಂತಲೂ ಕೇಳಿ. ಹೊಸ ಮಾತ್ರೆಯನ್ನು ಪರೀಕ್ಷೆಯ ದಿನ ಮೊದಲ ಸಲ ನುಂಗಬಾರದು.

ಅರ್ಜಿ ಉದ್ದ ಬೇಡ. ನಾನು ಬರೆಸುವ ಅರ್ಜಿ ಹೀಗಿರುತ್ತದೆ:

"ಮಾನ್ಯರೇ, ಇಂತಹ ತರಗತಿಯ, ಇಂತಹ ನೋಂದಣಿ ಸಂಖ್ಯೆಯ ವಿದ್ಯಾರ್ಥಿನಿ ನಾನು. ಈ ತಿಂಗಳ 4ರಂದು ಬಿದ್ದು ನನ್ನ ಬಲಗೈ ಮಣಿಕಟ್ಟಿನ ಮೂಳೆ ಮುರಿದಿದೆ. ನಾನು ಬರೆಯುವುದು ಬಲಗೈಯಲ್ಲಿ. ಪ್ಲಾಸ್ಟರ್ ಇರುವುದರಿಂದ ಪೆನ್ನು ಹಿಡಿಯಲು ಆಗುವುದಿಲ್ಲ. 15ರಿಂದ ಶುರುವಾಗುವ ಐದು ಲಿಖಿತ ಪರೀಕ್ಷೆಗಳಿಗೂ ಒಂದು ಪ್ರಾಯೋಗಿಕ ಪರೀಕ್ಷೆಗೂ ಸ್ಕ್ರೈಬ್, ನಿಯಮದಂತೆ ಹೆಚ್ಚುವರಿ ಸಮಯ ಮತ್ತು ಬೇರೆ ಕೊಠಡಿ ಒದಗಿಸಬೇಕೆಂದು ಕೋರುತ್ತೇನೆ. ವೈದ್ಯರ ಪತ್ರ, ಎಕ್ಸ್‌ರೇ ವರದಿಯ ಪ್ರತಿ, ಪ್ರವೇಶ ಪತ್ರದ ಪ್ರತಿ ಲಗತ್ತಿಸಿದ್ದೇನೆ. ದಯವಿಟ್ಟು ಲಿಖಿತ ಉತ್ತರ ಕೊಡಿ."

ಬೇರೆ ಕೊಠಡಿ ಕೇಳುವುದನ್ನು ಮರೆಯಬೇಡಿ. ನೀವು ಉತ್ತರ ಹೇಳುವುದು ಪಕ್ಕದವರಿಗೆ ಕೇಳಿಸಬಾರದು, ಅಲ್ವಾ? ಅವರಿಗೆ ಕೇಳಿಸೀತು ಅಂತ ಪಿಸುಗುಟ್ಟಿದರೆ ಸ್ಕ್ರೈಬ್‌ಗೂ ಕೇಳಿಸುವುದಿಲ್ಲ. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ "ಸ್ವೀಕರಿಸಿದೆ" ಅಂತ ಮುದ್ರೆ, ತಾರೀಖು ಹಾಕಿಸಿಕೊಂಡು ಬನ್ನಿ. ಅದೇ ದಿನ ಇಮೇಲ್ ಕೂಡ ಮಾಡಿ. ಕಾಯಂ ತೊಂದರೆ ಇದ್ದವರು ಪರೀಕ್ಷೆಯ ಅರ್ಜಿ ತುಂಬುವಾಗಲೇ ಅನುಕೂಲದ ಕಾಲಂ ತುಂಬಬೇಕು. ಕೊನೆ ಗಳಿಗೆಯಲ್ಲಿ ಪೆಟ್ಟಾದವರು ಪೆಟ್ಟಾದ ದಿನವೇ ಫೋನ್ ಮಾಡಿ ತಿಳಿಸಿ, ಮಾರನೆಯ ದಿನ ಕಾಗದ ಕೊಡಿ.

ಅಭ್ಯಾಸ

ನನ್ನ ಕೇಳಿದರೆ ಎಲ್ಲಕ್ಕಿಂತ ಮುಖ್ಯ ಭಾಗ ಇದೇ.

ಅವರೇ ಸ್ಕ್ರೈಬ್ ಕೊಡುವುದಾದರೆ ಪರೀಕ್ಷೆಗೆ ಮೊದಲು ಒಮ್ಮೆ ಭೇಟಿ ಮಾಡಿಸಿ ಅಂತ ಕೇಳಿ. 2018ರ ಮಾರ್ಗಸೂಚಿಯಲ್ಲಿ ಎರಡು ದಿನ ಮೊದಲೇ ಭೇಟಿಗೆ ಅವಕಾಶ ಇತ್ತು. ನೀವೇ ಕರೆತರುವುದಾದರೆ ಪರಿಚಯದವರು ಅಂತ ಸುಮ್ಮನೆ ಒಪ್ಪಬೇಡಿ. ಪುಸ್ತಕದ ಒಂದು ಪುಟ ಓದಿ ಬರೆಸಿ ನೋಡಿ. ಕನ್ನಡದಲ್ಲಿ ಉತ್ತರ ಬರೆಯುವವರು ಇದನ್ನು ಬಿಡಲೇಬಾರದು. ಕನ್ನಡ ಚೆನ್ನಾಗಿ ಮಾತಾಡುವ ಎಷ್ಟೋ ಮಕ್ಕಳಿಗೆ ವೇಗವಾಗಿ ಬರೆಯಲು ಬರುವುದಿಲ್ಲ. "ಶೋಷಣೆ" ಎಂಬ ಪದದಲ್ಲಿ ಯಾವ ಶ ಎಲ್ಲಿ ಬರುತ್ತದೆ ಅಂತ ಪ್ರತಿ ಸಲ ಬಿಡಿಸಿ ಹೇಳುತ್ತಾ ಕೂತರೆ ನಿಮ್ಮ ಹೆಚ್ಚುವರಿ ಸಮಯ ಅಲ್ಲೇ ಕರಗುತ್ತದೆ. ನಿಮ್ಮ ವಿಷಯದ ಐವತ್ತು ಕಷ್ಟದ ಪದಗಳನ್ನು ಪಟ್ಟಿ ಮಾಡಿ ಮೊದಲೇ ಅಭ್ಯಾಸ ಮಾಡಿಸಿ.

ಹೇಳುವ ಕ್ರಮ ಹೀಗೆ. ಮೊದಲು ಪ್ರಶ್ನೆ ಸಂಖ್ಯೆ. ಆಮೇಲೆ ಉತ್ತರದ ಮುಖ್ಯ ಅಂಶಗಳನ್ನು ಒಂದೊಂದು ಪದದಲ್ಲಿ ಹೇಳಿ ಕರಡು ಪುಟದಲ್ಲಿ ಬರೆಸಿ. ಇದು ನನ್ನ ಎರಡನೇ ಪರೀಕ್ಷೆಗೆ ನಾನೇ ಕಂಡುಕೊಂಡ ದಾರಿ. ಬರೆಯುವ ಕೈ ಇಲ್ಲದಿದ್ದಾಗ ತಲೆಯಲ್ಲಿ ಉತ್ತರದ ಎಳೆ ನಿಲ್ಲುವುದಿಲ್ಲ. ಎದುರಿಗೆ ಐದು ಪದ ಕಂಡರೆ ವಾಕ್ಯ ತಾನಾಗಿ ಬರುತ್ತದೆ. ಆಮೇಲೆ ವಾಕ್ಯ ಹೇಳಿ, ಆರೇಳು ಪದಕ್ಕೊಮ್ಮೆ ನಿಲ್ಲಿಸಿ. ಸ್ಕ್ರೈಬ್‌ನ ಪೆನ್ನು ನಿಂತ ಮೇಲೆ ಮುಂದಿನದು. "ಪೂರ್ಣವಿರಾಮ", "ಹೊಸ ಪ್ಯಾರಾ", "ಇದಕ್ಕೆ ಅಡಿಗೆರೆ" ಇವನ್ನೆಲ್ಲ ಬಾಯಿ ಬಿಟ್ಟು ಹೇಳಬೇಕು. ಮಾತಿನ ನಡುವೆ "ಅಲ್ಲ, ಅದು ಬೇಡ" ಅಂದರೆ ಎಲ್ಲಿಂದ ಹೊಡೆದು ಹಾಕಬೇಕು ಅಂತ ಸ್ಕ್ರೈಬ್‌ಗೆ ಗೊತ್ತಾಗುವುದಿಲ್ಲ. "ಕೊನೆಯ ವಾಕ್ಯ ತೆಗೆಯಿರಿ" ಅನ್ನಿ. ಪ್ರತಿ ಪುಟ ಮುಗಿದಾಗ ಕೊನೆಯ ಎರಡು ಸಾಲು ಓದಿಸಿಕೊಳ್ಳಿ.

ಆಯ್ಕೆ ಪ್ರಶ್ನೆಗಳಿಗೆ "ಬಿ", "ಡಿ" ಅಂತ ಬರೀ ಅಕ್ಷರ ಹೇಳಬೇಡಿ, ಕಿವಿಗೆ ಒಂದೇ ಥರ ಕೇಳಿಸುತ್ತವೆ. "ಎರಡನೆಯದು, ಬಿ" ಅಂತ ಎರಡೂ ಸೇರಿಸಿ ಹೇಳಿ.

ಗಣಿತ ಹೇಳಿ ಬರೆಸುವುದು ಇನ್ನೂ ಸೂಕ್ಷ್ಮ. ಕಣ್ಣು ಕಾಣದ ಹುಡುಗನೊಬ್ಬ ಅಭ್ಯಾಸದಲ್ಲಿ ನನಗೆ "ಎಕ್ಸ್ ಪ್ಲಸ್ ಎರಡು ಬೈ ಮೂರು" ಅಂದ. ನಾನು ಎಕ್ಸ್ ಬರೆದು, ಪ್ಲಸ್ ಹಾಕಿ, ಮುಂದೆ ಮೂರನೇ ಎರಡು ಬರೆದೆ. ಅವನ ಮನಸ್ಸಿನಲ್ಲಿದ್ದದ್ದು ಎಕ್ಸ್ ಪ್ಲಸ್ ಎರಡು ಪೂರ್ತಿ ಮೇಲೆ, ಮೂರು ಕೆಳಗೆ. ಇಬ್ಬರದ್ದೂ ತಪ್ಪಲ್ಲ. ಎಕ್ಸ್ ನಾಲ್ಕು ಅಂದುಕೊಳ್ಳಿ. ನಾನು ಬರೆದದ್ದರ ಬೆಲೆ ನಾಲ್ಕು ಪೂರ್ಣ ಮೂರನೇ ಎರಡು, ಅವನದ್ದರ ಬೆಲೆ ಎರಡು. ಅವತ್ತಿನಿಂದ ನಾವು ಒಂದು ಮಾತಿಗೆ ಬಂದೆವು: "ಭಿನ್ನ ಶುರು, ಮೇಲೆ ಎಕ್ಸ್ ಪ್ಲಸ್ ಎರಡು, ಕೆಳಗೆ ಮೂರು, ಭಿನ್ನ ಮುಗಿಯಿತು." ವರ್ಗಮೂಲಕ್ಕೂ ಹಾಗೇ, ಘಾತಕ್ಕೂ ಹಾಗೇ, ಶುರು ಮತ್ತು ಮುಗಿಯಿತು ಎರಡೂ ಹೇಳಬೇಕು. ಮೊದಲ ವಾರ ಇದು ನಿಧಾನ ಅನ್ನಿಸಿತು. ಮೂರನೇ ವಾರಕ್ಕೆ ಅವನು ಹೇಳುವ ವೇಗಕ್ಕೆ ನನ್ನ ಪೆನ್ನು ಸಾಲುತ್ತಿರಲಿಲ್ಲ. ಇಂಥ ಒಪ್ಪಂದ ನಿಮ್ಮ ಮತ್ತು ಸ್ಕ್ರೈಬ್ ನಡುವೆ ಪರೀಕ್ಷೆಗೆ ಮೊದಲೇ ಆಗಿರಬೇಕು. ಒಳಗೆ ಹೋದ ಮೇಲೆ ಚರ್ಚೆಗೆ ಜಾಗ ಇಲ್ಲ.

ಚಿತ್ರಕ್ಕೂ ಹೀಗೇ. "ಬೇಡಿಕೆ ರೇಖೆ ಬರೆಯಿರಿ" ಅಂದರೆ ಅದು ಸ್ಕ್ರೈಬ್‌ನ ತಿಳಿವಳಿಕೆ ಆಯಿತು, ನಿಮ್ಮದಲ್ಲ. "ಲಂಬ ಗೆರೆ ಎಳೆದು ಅದಕ್ಕೆ ಬೆಲೆ ಅಂತ ಬರೆಯಿರಿ. ಅಡ್ಡ ಗೆರೆಗೆ ಪ್ರಮಾಣ. ಎಡ ಮೇಲಿನಿಂದ ಬಲ ಕೆಳಕ್ಕೆ ಇಳಿಯುವ ಗೆರೆ" ಅಂತ ಹೇಳಿ ಬರೆಸಬೇಕು.

ಸ್ಕ್ರೈಬ್ ಆಗಿ ಕೂರುವವರಿಗೂ ಎರಡು ಮಾತು. ಹೇಳಿದ್ದನ್ನು ಮಾತ್ರ ಬರೆಯಿರಿ. ತಪ್ಪು ಅಂತ ಕಂಡರೂ ಮುಖದಲ್ಲಿ ತೋರಿಸಬೇಡಿ. ಪ್ರಶ್ನೆ ಓದಿ ಹೇಳುವಾಗ ದನಿ ಸಮ ಇರಲಿ. "ಇವುಗಳಲ್ಲಿ ಯಾವುದು ಸರಿಯಲ್ಲ" ಎನ್ನುವ ಪ್ರಶ್ನೆಯಲ್ಲಿ "ಅಲ್ಲ" ಎನ್ನುವುದನ್ನು ಒತ್ತಿ ಓದಿದರೆ ಅದು ಸುಳಿವು ಕೊಟ್ಟ ಹಾಗೆ. ನುಂಗಿ ಓದಿದರೆ ಮೋಸ ಮಾಡಿದ ಹಾಗೆ. ಇದಕ್ಕೆ ನಾನು ಹೊಸಬರಿಂದ ಇಪ್ಪತ್ತು ಪ್ರಶ್ನೆ ಗಟ್ಟಿಯಾಗಿ ಓದಿಸುತ್ತೇನೆ.

ಕಂಪ್ಯೂಟರ್ ಬಳಸುವವರು ಸಾಧ್ಯವಾದರೆ ಅಲ್ಲಿನ ಯಂತ್ರವನ್ನೇ ಹಿಂದಿನ ದಿನ ನೋಡಿ. ಸ್ಕ್ರೀನ್ ರೀಡರ್ ಕನ್ನಡ ಓದುತ್ತದೆಯೇ, ಕೀಬೋರ್ಡ್ ವಿನ್ಯಾಸ ನಿಮಗೆ ರೂಢಿ ಇರುವುದೇ, ಇಯರ್‌ಫೋನ್ ಕೆಲಸ ಮಾಡುತ್ತದೆಯೇ ಅಂತ. ಎನ್‌ವಿಡಿಎ ಎನ್ನುವ ಸ್ಕ್ರೀನ್ ರೀಡರ್ ಉಚಿತ. ಮನೆಯಲ್ಲೂ ಅದರಲ್ಲೇ ಅಭ್ಯಾಸ ಮಾಡಬಹುದು.

ಹೆಚ್ಚುವರಿ ಸಮಯಕ್ಕೂ ಅಭ್ಯಾಸ ಬೇಕು. ನಾಲ್ಕು ಗಂಟೆ ಒಂದೇ ಕಡೆ ಕೂರುವುದು ದೇಹಕ್ಕೆ ಹೊಸದು. ಪೂರ್ತಿ ನಾಲ್ಕು ಗಂಟೆಯ ಅಭ್ಯಾಸ ಪರೀಕ್ಷೆ ಎರಡಾದರೂ ಆಗಲಿ. ಒಂದೇ ದಿನ ಎರಡು ಪರೀಕ್ಷೆ ಬಿದ್ದಿದ್ದರೆ ಎಂಟು ಗಂಟೆ ಆಗುತ್ತದೆ. ಒಂದನ್ನು ಬೇರೆ ದಿನಕ್ಕೆ ಹಾಕಿ ಅಂತ ಅರ್ಜಿಯಲ್ಲೇ ಕೇಳಿ.

ಪರೀಕ್ಷೆಯ ದಿನ

ಅನುಮತಿ ಪತ್ರದ ಮೂರು ಪ್ರತಿ ಇರಲಿ. ಸ್ಕ್ರೈಬ್‌ನ ಗುರುತಿನ ಚೀಟಿ, ಫೋಟೋ, ಓದಿನ ದಾಖಲೆ ಜೊತೆಗಿರಲಿ. ಒಂದು ಗಂಟೆ ಮೊದಲೇ ಹೋಗಿ. ನಿಮ್ಮ ಕೊಠಡಿಯ ಮೇಲ್ವಿಚಾರಕರಿಗೆ ನಿಮ್ಮ ವಿಷಯ ಗೊತ್ತೇ ಇರುವುದಿಲ್ಲ ಅಂದುಕೊಂಡೇ ಹೋಗಿ, ಬಹಳ ಸಲ ಹಾಗೇ ಆಗುತ್ತದೆ. "ಸಾರ್, ನನಗೆ ಸ್ಕ್ರೈಬ್ ಮತ್ತು ಒಂದು ಗಂಟೆ ಹೆಚ್ಚಿಗೆ ಅನುಮತಿ ಇದೆ, ಪತ್ರ ಇಲ್ಲಿದೆ. ನನ್ನ ಪರೀಕ್ಷೆ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಬೋರ್ಡಿನ ಮೇಲೆ ಬರೆಯುತ್ತೀರಾ" ಅಂತ ಕೇಳಿ. ಆ ಹೊತ್ತು ಬೋರ್ಡಿನ ಮೇಲೆ ಇದ್ದರೆ, ಉಳಿದವರು ಎದ್ದು ಹೋಗುವಾಗ ನಿಮ್ಮ ಪತ್ರಿಕೆ ಯಾರೂ ಕಿತ್ತುಕೊಳ್ಳುವುದಿಲ್ಲ.

ಸ್ಕ್ರೈಬ್ ಬರದಿದ್ದರೆ? ಇನ್ನೊಬ್ಬರನ್ನು ಮೊದಲೇ ಗೊತ್ತು ಮಾಡಿಟ್ಟಿರಿ. ನಿಯಮದಲ್ಲಿ ಅವಕಾಶ ಇದ್ದರೆ ಆ ಹೆಸರನ್ನೂ ಅರ್ಜಿಯಲ್ಲಿ ಬರೆಯಿರಿ.

ಹೆಚ್ಚುವರಿ ಸಮಯ ಕೊಡುವುದಿಲ್ಲ ಅಂತ ಅಲ್ಲಿ ಯಾರಾದರೂ ಅಂದರೆ ಎದ್ದು ಹೋಗಬೇಡಿ. ಮುಖ್ಯ ಅಧೀಕ್ಷಕರನ್ನು ಕರೆಸಿ ಅನ್ನಿ. ಅವರು ಬರುವವರೆಗೂ ಬರೆಸುತ್ತಲೇ ಇರಿ. ಆದರೂ ಆಗಲಿಲ್ಲವೋ, ಅವತ್ತೇ ಸಂಜೆಯೊಳಗೆ ದೂರು ಬರೆದು ಕೊಡಿ. ಎಷ್ಟು ಗಂಟೆಗೆ ಪತ್ರಿಕೆ ಕೈಗೆ ಬಂತು, ಎಷ್ಟಕ್ಕೆ ಕಸಿದುಕೊಂಡರು, ಎಷ್ಟು ಅಂಕದ ಪ್ರಶ್ನೆ ಉಳಿಯಿತು ಅಂತ ನಿಖರವಾಗಿ ಇರಲಿ. ಫಲಿತಾಂಶ ಬಂದ ಮೇಲೆ ಕೊಡುವ ದೂರಿಗಿಂತ ಅವತ್ತೇ ಕೊಟ್ಟ ದೂರಿಗೆ ಬೆಲೆ ಜಾಸ್ತಿ. ಭಾರತದಲ್ಲಾದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೂ ಬರೆಯಬಹುದು.

ಕೊನೆಯದಾಗಿ ಪೆಟ್ಟು ಬಿದ್ದವರಿಗೆ ಒಂದು ವಿಷಯ. ಪ್ಲಾಸ್ಟರ್ ತೆಗೆದ ದಿನ ಕೈ ವಾಪಸ್ ಬರುವುದಿಲ್ಲ. ನನ್ನ ಪ್ಲಾಸ್ಟರ್ ತೆಗೆದದ್ದು ಮಂಗಳವಾರ, ಪ್ರಾಯೋಗಿಕ ಪರೀಕ್ಷೆ ಇದ್ದದ್ದು ಮುಂದಿನ ಸೋಮವಾರ. ಮಣಿಕಟ್ಟು ಮರದ ಹಾಗೆ ಆಗಿತ್ತು. ಬೀಕರ್ ಎತ್ತಿದರೆ ಬೆರಳು ನಡುಗುತ್ತಿತ್ತು, ತಿರುಗಿಸಿ ಸುರಿಯಲು ಆಗಲಿಲ್ಲ. ಆದರೆ ನನ್ನ ವೈದ್ಯರ ಪತ್ರದಲ್ಲಿದ್ದದ್ದು ಪ್ಲಾಸ್ಟರ್ ತೆಗೆಯುವ ತಾರೀಖಿನವರೆಗೆ ಮಾತ್ರ. "ಈಗ ಕೈ ಸರಿ ಇದೆಯಲ್ಲ" ಅಂದರು, ಸಹಾಯಕರು ಸಿಗಲಿಲ್ಲ. ಹಾಗಾಗಿ ಪ್ಲಾಸ್ಟರ್ ತೆಗೆಯುವ ದಿನವೇ ವೈದ್ಯರ ಎದುರು ಒಂದು ಪೆನ್ನು ಹಿಡಿದು ನಾಲ್ಕು ಸಾಲು ಬರೆದು ತೋರಿಸಿ. ನೀರಿರುವ ಲೋಟ ಎತ್ತಿ ಬಗ್ಗಿಸಿ ತೋರಿಸಿ. ಆಗದಿದ್ದರೆ ಇನ್ನೆಷ್ಟು ವಾರ ಸಹಾಯ ಬೇಕು ಅಂತ ಅಲ್ಲೇ ಹೊಸ ಪತ್ರ ಬರೆಸಿಕೊಂಡು ಹೊರಡಿ.